ರಸ್ತೆ ಗುಂಡಿ, ಊರ ಮೈದಾನ: ಅಳತೆ ಹಿಡಿದು ಕೆಲಸ ಕೇಳುವ ಬಗೆ

‘ರಸ್ತೆ ಸರಿಯಿಲ್ಲ, ಮೈದಾನ ಹಾಳಾಗಿದೆ’ ಎಂದು ಪುರಸಭೆಗೆ ಬರೆದರೆ ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಗುಂಡಿ ಎಲ್ಲಿದೆ, ಎಷ್ಟು ಆಳ, ರಸ್ತೆ ಯಾರ ಸುಪರ್ದಿಯದು, ಹಿಂದೆ ಯಾವಾಗ ಡಾಂಬರು ಬಿತ್ತು ಎಂಬುದನ್ನು ಅದೇ ಅರ್ಜಿ ಹೇಳಿದರೆ ಎಂಜಿನಿಯರ್‌ಗೆ ಅಂದಾಜುಪಟ್ಟಿಯ ಅರ್ಧ ಕೆಲಸ ಮುಗಿದಂತೆ. ಅಂಥ ಅರ್ಜಿಯನ್ನು ಪಕ್ಕಕ್ಕೆ ಸರಿಸುವುದು ಕಷ್ಟ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ವಾರ್ಡಿನ ಹತ್ತು ಜನ ಸೇರಿ ಎರಡು ಭಾನುವಾರ ಕೊಟ್ಟರೆ ಇದಿಷ್ಟನ್ನೂ ಮಾಡಬಹುದು.

ಮೊದಲು, ರಸ್ತೆ ಯಾರದು?

ಅರ್ಜಿಗಳು ಹೆಚ್ಚಾಗಿ ಸಾಯುವುದು ಇಲ್ಲೇ. ಪೇಟೆಯ ನಡುವೆ ಹಾದುಹೋಗುವ ದೊಡ್ಡ ರಸ್ತೆ ಪುರಸಭೆಯದೇ ಆಗಿರಬೇಕೆಂದಿಲ್ಲ. ಊರ ಹೊರಗಿನ ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿ: ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಗ್ರಾಮೀಣ ರಸ್ತೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳ ಅರ್ಜಿ ಲೋಕೋಪಯೋಗಿ ಇಲಾಖೆಯ ಉಪವಿಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರ್‌ಗೆ ಹೋಗಬೇಕು. ಹಳ್ಳಿಯ ಕಡೆಗಿನ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಯದು. ಬಡಾವಣೆಯ ಒಳರಸ್ತೆ, ಚರಂಡಿ, ಬೀದಿದೀಪ ಪುರಸಭೆ ಮುಖ್ಯಾಧಿಕಾರಿಯವರ ಹೊಣೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ರಸ್ತೆಯಾದರೆ 1033ಕ್ಕೆ ಕರೆ ಮಾಡಬಹುದು. ರಾಜ್ಯ ಸರ್ಕಾರದ ಯಾವುದೇ ಇಲಾಖೆಯ ದೂರಿಗೆ 1902 ಸಹಾಯವಾಣಿ ಇದೆ. ಪುರಸಭೆಗೆ ಸಂಬಂಧಿಸಿದ್ದಕ್ಕೆ ಜನಹಿತ ಆ್ಯಪ್ ಇದೆ. ಎಲ್ಲಿ ಕೊಟ್ಟರೂ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮೈದಾನಕ್ಕೂ ಇದೇ ಪ್ರಶ್ನೆ. ತಾಲ್ಲೂಕು ಕ್ರೀಡಾಂಗಣ ಸಾಮಾನ್ಯವಾಗಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಸೇರಿರುತ್ತದೆ, ಹೈಸ್ಕೂಲ್ ಮೈದಾನ ಶಿಕ್ಷಣ ಇಲಾಖೆಗೆ, ಬಡಾವಣೆಯ ಆಟದ ಜಾಗ ಪುರಸಭೆಗೆ. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿ ತೆಗೆಸಿ, ಮಾಲೀಕರ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಒಂದು ಮೂಲೆಯಲ್ಲಿ ಗೂಡಂಗಡಿ ಎದ್ದಿದ್ದರೆ, ಕಾಂಪೌಂಡಿನ ಗೆರೆ ವರ್ಷವರ್ಷ ಒಳಗೆ ಸರಿಯುತ್ತಿದ್ದರೆ, ಜಾಗದ ಒಡೆತನವಿರುವ ಶಾಲೆಯಿಂದಲೋ ಪುರಸಭೆಯಿಂದಲೋ ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಹಾಕಿಸಿ. ಗಡಿಕಲ್ಲು ನೆಡದೆ ಮೈದಾನ ಸಮತಟ್ಟು ಮಾಡಿದರೆ ಆ ಖರ್ಚು ಪಕ್ಕದವರಿಗೆ ಸೈಟು ಮಾಡಿಕೊಟ್ಟಂತೆ. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆಯಂತೆ ಸ್ಥಳೀಯ ಸಂಸ್ಥೆ ಇಂಥ ಜಾಗಗಳ ಪಟ್ಟಿ ಮಾಡಬೇಕು. ನಿಮ್ಮ ಮೈದಾನ ಆ ಪಟ್ಟಿಯಲ್ಲಿದೆಯೇ ಎಂದು ಲಿಖಿತವಾಗಿ ಕೇಳಿ.

ಗುಂಡಿ ಅಳೆಯುವುದು

ಬೇಕಾದ್ದು ಐದು ಮೀಟರ್ ಟೇಪು, ಎರಡು ಮೀಟರಿನ ನೆಟ್ಟನೆಯ ರೀಪು, ಸುಣ್ಣದ ಪುಡಿ, ನೋಟ್‌ಬುಕ್ಕು. ವಾಹನ ಕಡಿಮೆ ಇರುವ ಬೆಳಗಿನ ಹೊತ್ತು ಹೋಗಿ, ಒಬ್ಬರು ಬಾವುಟ ಹಿಡಿದು ನಿಲ್ಲಲಿ.

ಗುಂಡಿಯ ಮೇಲೆ ರೀಪನ್ನು ಅಡ್ಡ ಇಟ್ಟು ಅದರ ಕೆಳ ಅಂಚಿನಿಂದ ತಳಕ್ಕೆ ಟೇಪು ಇಳಿಸಿ, ಮೂರು ಕಡೆ ಆಳ ಬರೆದುಕೊಂಡು ಸರಾಸರಿ ತೆಗೆಯಿರಿ. ಉದ್ದ ಅಗಲ ಅಳೆಯುವಾಗ ಕಾಣುವ ಹಳ್ಳವನ್ನಷ್ಟೇ ಹಿಡಿಯಬೇಡಿ. ಸುತ್ತ ಬಿರುಕು ಬಿಟ್ಟದ್ದೆಲ್ಲ ಸೇರುವಂತೆ ಸುಣ್ಣದಲ್ಲಿ ಚೌಕ ಎಳೆದು ಆ ಚೌಕವನ್ನು ಅಳೆಯಿರಿ. ಕತ್ತರಿಸಿ ತೆಗೆಯಬೇಕಾದದ್ದು ಅಷ್ಟೂ. 1.2 ಮೀಟರ್ ಉದ್ದ, 0.9 ಮೀಟರ್ ಅಗಲ, 7 ಸೆಂಟಿಮೀಟರ್ ಆಳದ ಒಂದೇ ಗುಂಡಿಗೆ ಒತ್ತಿದ ಮೇಲೆ ನಿಲ್ಲಬೇಕಾದ ಡಾಂಬರು ಮಿಶ್ರಣ ಸುಮಾರು 175 ಕಿಲೋ. ಎರಡು ಬಾಂಡ್ಲಿ ಸುರಿದು ಸಲಿಕೆಯಲ್ಲಿ ತಟ್ಟಿ ಹೋದರೆ ಅದು ಯಾಕೆ ಒಂದೇ ಮಳೆಗೆ ಎದ್ದುಬರುತ್ತದೆಂದು ಈ ಒಂದು ಲೆಕ್ಕವೇ ತೋರಿಸುತ್ತದೆ.

ಅಳತೆಯ ಪಕ್ಕದಲ್ಲಿ ಕಾರಣವನ್ನೂ ಬರೆಯಿರಿ. ಗುಂಡಿಯ ಸುತ್ತ ಮೊಸಳೆ ಬೆನ್ನಿನಂತೆ ಸಣ್ಣ ಸಣ್ಣ ಚೌಕಳಿ ಬಿರುಕಿದ್ದರೆ ಕೆಳಗಿನ ಜಲ್ಲಿ ಪದರವೇ ಕುಸಿದಿದೆ. ಮೇಲೆ ತೇಪೆ ಹಾಕಿ ಫಲವಿಲ್ಲ, ಅಗೆದು ತಳದಿಂದ ಕಟ್ಟಬೇಕು. ಬಿರುಕಿಲ್ಲದೆ ಬರೀ ಜಲ್ಲಿ ಉದುರುತ್ತಿದ್ದರೆ ಡಾಂಬರು ಸಾಲದು, ಅಥವಾ ಹಾಕುವಾಗಲೇ ತಣ್ಣಗಾಗಿತ್ತು. ಉದ್ದಕ್ಕೆ ನೇರವಾಗಿ ಕುಸಿದ ಗೆರೆ ಕಂಡರೆ ಅದು ನೀರಿನ ಪೈಪು ಅಥವಾ ಒಳಚರಂಡಿಗೆ ಅಗೆದ ಕಾಲುವೆ: ಮಣ್ಣನ್ನು 15–20 ಸೆಂಟಿಮೀಟರ್ ಪದರ ಪದರವಾಗಿ ಒತ್ತದೆ ಒಮ್ಮೆಲೇ ತುಂಬಿದ್ದಾರೆ. ಮಳೆ ಇಲ್ಲದ ಕಾಲದಲ್ಲಿ, ಅದೂ ನಲ್ಲಿ ನೀರು ಬಿಡುವ ಹೊತ್ತಿಗೆ ಸರಿಯಾಗಿ ಗುಂಡಿ ಒದ್ದೆಯಾದರೆ ಪೈಪು ಸೋರುತ್ತಿದೆ. ಸೋರಿಕೆ ನಿಲ್ಲಿಸದೆ ಹಾಕಿದ ಡಾಂಬರೆಲ್ಲ ನಷ್ಟ. ಗದಗ, ವಿಜಯಪುರ, ಬಾಗಲಕೋಟೆ ಕಡೆಯ ಎರೆಮಣ್ಣಿನ ಊರುಗಳಲ್ಲಿ ನೆಲವೇ ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವುದರಿಂದ ಚರಂಡಿ ಇಲ್ಲದ ರಸ್ತೆ ಬಾಳುವುದಿಲ್ಲ. ಅಲ್ಲಿ ಗುಂಡಿಗಿಂತ ಮೊದಲು ಚರಂಡಿ ಕೇಳಿ.

ಊರವರೇ ಮಣ್ಣು, ಮನೆ ಒಡೆದ ಚೂರು ತಂದು ತುಂಬುವುದನ್ನು ಬಿಟ್ಟುಬಿಡಿ. ಮಳೆಗೆ ಕೆಸರು, ಬಿಸಿಲಿಗೆ ಧೂಳು, ಬೈಕಿನ ಚಕ್ರದಡಿ ಜಾರುವ ಕಲ್ಲು. ಮೇಲಾಗಿ ಎಂಜಿನಿಯರ್ ಬಂದಾಗ ಗುಂಡಿಯ ಆಳವೇ ಕಾಣದು. ಕಾಯುವ ಅವಧಿಯಲ್ಲಿ ಸುತ್ತ ಸುಣ್ಣದ ಗೆರೆ ಸಾಕು.

ಕೆಲಸ ನಡೆಯುವಾಗ ಎದುರಿಗೆ ನಿಂತು ನೋಡಬೇಕಾದದ್ದು ಇಷ್ಟು: ಅಂಚನ್ನು ನೇರ ಗೋಡೆಯಂತೆ ಕತ್ತರಿಸಿದರೇ? ಧೂಳು, ನೀರು ಪೂರ್ತಿ ತೆಗೆದರೇ? ತಳಕ್ಕೂ ಗೋಡೆಗೂ ತೆಳುವಾಗಿ ಡಾಂಬರು ಬಳಿದರೇ? ಆಳ 7.5 ಸೆಂಟಿಮೀಟರ್ ದಾಟಿದರೆ ಎರಡು ಪದರದಲ್ಲಿ ಹಾಕಿ, ಅಂಚಿನಿಂದ ನಡುವಿಗೆ ಒತ್ತಬೇಕು. ಮುಗಿದಾಗ ತೇಪೆ ರಸ್ತೆಗಿಂತ 3–5 ಮಿಲಿಮೀಟರ್ ಮೇಲಿರಬೇಕು, ವಾಹನ ಓಡಿ ಸಮವಾಗುತ್ತದೆ. ಒದ್ದೆ ಗುಂಡಿಗೆ ಬಿಸಿ ಡಾಂಬರು ಅಂಟುವುದೇ ಇಲ್ಲ. ಮಲೆನಾಡು, ಕರಾವಳಿಯಲ್ಲಿ ಮೇ ಮುಗಿಯುವುದರೊಳಗೆ ಕೆಲಸ ಆಗಲೇಬೇಕು ಎನ್ನುವುದು ಇದಕ್ಕೆ.

ಶಾಲೆ, ಮೈದಾನದ ಮುಂದಿನ ರಸ್ತೆ ಉಬ್ಬಿಗೂ ಅಳತೆ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಎತ್ತರದ ದುಂಡನೆಯ ಉಬ್ಬು. ಅದನ್ನು 25 ಕಿಲೋಮೀಟರ್ ವೇಗದಲ್ಲಿ ಸುರಕ್ಷಿತವಾಗಿ ದಾಟಬಹುದು. ಒಂದು ಅಡಿ ಅಗಲದ ಸಿಮೆಂಟು ದಿಬ್ಬ ಬೆನ್ನು ಮುರಿಯುತ್ತದೆ, ರಾತ್ರಿ ಬೈಕಿನವರನ್ನು ಬೀಳಿಸುತ್ತದೆ. ಉಬ್ಬು ಕೇಳುವಾಗ ಬಿಳಿ ಪಟ್ಟೆ ಮತ್ತು ಮುನ್ಸೂಚನೆ ಫಲಕವನ್ನೂ ಸೇರಿಸಿ ಕೇಳಿ.

ಮೈದಾನಕ್ಕೂ ನೀರೇ ಶತ್ರು

ದೊಡ್ಡ ಮಳೆ ನಿಂತ ಎರಡು ಗಂಟೆಯ ಮೇಲೆ ಮೈದಾನಕ್ಕೆ ಹೋಗಿ ನಿಂತ ನೀರಿನ ಸುತ್ತ ಗೂಟ ನೆಡಿ. ಮರುದಿನ ಗಾರೆಯವರ ಲೆವೆಲ್ ಟ್ಯೂಬಿನಿಂದ ಗೂಟಗಳ ಮಟ್ಟ ನೋಡಿ: ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಒಂದೂ ಉಳಿಯದಂತೆ ನೋಡಿಕೊಂಡು, ಎರಡು ತುದಿಯ ನೀರಿನ ಗೆರೆಯಿಂದ ನೆಲಕ್ಕೆ ಅಳೆದರೆ ಏರುತಗ್ಗು ಸಿಗುತ್ತದೆ. ಒಂದು ಗುಳ್ಳೆ ಸಿಕ್ಕಿಕೊಂಡರೂ ಲೆಕ್ಕ ತಪ್ಪುತ್ತದೆ. ಮಣ್ಣಿನ ಮೈದಾನಕ್ಕೆ 10 ಮೀಟರಿಗೆ ಸುಮಾರು 10 ಸೆಂಟಿಮೀಟರ್ ಇಳಿಜಾರು ಸಾಕು, ಆದರೆ ನೀರು ಇಳಿದು ಸೇರಲು ಅಂಚಿನಲ್ಲಿ ಚರಂಡಿ ಇರಬೇಕು. ಹಲವು ಊರುಗಳಲ್ಲಿ ರಸ್ತೆಯ ಮೇಲೆ ಪದರದ ಮೇಲೆ ಪದರ ಡಾಂಬರು ಹಾಕಿ ರಸ್ತೆಯೇ ಮೈದಾನಕ್ಕಿಂತ ಎತ್ತರವಾಗಿದೆ. ರಸ್ತೆಯ ನೀರೆಲ್ಲ ಮೈದಾನಕ್ಕೆ ಇಳಿಯುತ್ತದೆ. ಹಾಗಿದ್ದರೆ ಎರಡೂ ಇಲಾಖೆಗೆ ಒಂದೇ ನಕ್ಷೆ ಲಗತ್ತಿಸಿ.

ಯಾವ ಆಟಕ್ಕೆ ಎಷ್ಟು ಜಾಗ ಎಂದು ಗೊತ್ತಿದ್ದರೆ ಸಭೆಯಲ್ಲಿ ಜಗಳ ಕಡಿಮೆಯಾಗುತ್ತದೆ. ಪುರುಷರ ಕಬಡ್ಡಿಗೆ 13×10 ಮೀಟರ್, ಮಹಿಳೆಯರಿಗೆ 12×8. ವಾಲಿಬಾಲ್ 18×9, ಸುತ್ತ ಕನಿಷ್ಠ 3 ಮೀಟರ್ ಖಾಲಿ; ಬಲೆಯ ಎತ್ತರ ಪುರುಷರಿಗೆ 2.43, ಮಹಿಳೆಯರಿಗೆ 2.24 ಮೀಟರ್. 400 ಮೀಟರ್ ಓಟದ ಪಥಕ್ಕೆ ಜಾಗವಿಲ್ಲದಿದ್ದರೆ 200 ಮೀಟರಿನದು ಹಿಡಿಸುತ್ತದೆ: ನೇರ ಭಾಗ 40 ಮೀಟರ್, ಒಳಗೆರೆಯ ತ್ರಿಜ್ಯ 18.90 ಮೀಟರ್, ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಓಡಿದ ದೂರ ಲೆಕ್ಕಕ್ಕೆ. 1.22 ಮೀಟರಿನ ನಾಲ್ಕು ಲೇನಿಗೆ ಒಟ್ಟು 88×48 ಮೀಟರ್ ಬೇಕು. ಒಂದು ಸುತ್ತಿನ ಓಟಕ್ಕೆ ಎರಡನೇ ಲೇನಿನವರು 7.67 ಮೀಟರ್ ಮುಂದೆ ನಿಲ್ಲಬೇಕು, ಮೂರನೆಯವರು 15.33, ನಾಲ್ಕನೆಯವರು 23.00. ಈ ಅಂತರ ತಪ್ಪಿದರೆ ಮಕ್ಕಳ ಸಮಯಕ್ಕೆ ಬೆಲೆಯೇ ಇಲ್ಲ.

ಪೆಂಡಾಲಿಗೆ, ವಸ್ತುಪ್ರದರ್ಶನಕ್ಕೆ ಮೈದಾನ ಕೊಟ್ಟ ಮೇಲೆ ಉಳಿಯುವ ಕಂಬದ ಗುಳಿ, ಮೊಳೆ, ಲಾರಿ ಚಕ್ರದ ಗೀರು ಕಾಲು ಮುರಿಯುತ್ತವೆ. ಅನುಮತಿ ಪತ್ರದಲ್ಲೇ ಠೇವಣಿ, ಗುಳಿ ಮುಚ್ಚಿ ರೋಲರ್ ಓಡಿಸಿ ಮರಳಿಸುವ ದಿನ, ಮೊದಲು ಮತ್ತು ನಂತರದ ಫೋಟೊ ಇರಬೇಕೆಂದು ಒತ್ತಾಯಿಸಿ.

ಸಭೆ, ಅರ್ಜಿ, ಮಾಹಿತಿ ಹಕ್ಕು

ಸಭೆಯನ್ನು ಮೈದಾನದಲ್ಲೇ ಸಂಜೆ ಐದಕ್ಕೆ ಕರೆಯಿರಿ. ಅಲ್ಲಿ ಯಾರು ಆಡುತ್ತಿದ್ದಾರೆ ಎನ್ನುವುದಕ್ಕಿಂತ ಯಾರು ಬಂದಿಲ್ಲ ಎಂದು ನೋಡಿ. ಹೆಣ್ಣುಮಕ್ಕಳು ಇಲ್ಲವೆಂದರೆ ಕಾರಣ ಬಹುತೇಕ ಶೌಚಾಲಯ, ದೀಪ, ಬಟ್ಟೆ ಬದಲಿಸುವ ಕೋಣೆ. ಅವರನ್ನೇ ಕೇಳಿ, ಅವರ ಮಾತನ್ನೇ ಮೊದಲ ಬೇಡಿಕೆಯಾಗಿ ಬರೆಯಿರಿ. ಗ್ಯಾಲರಿ ಕಟ್ಟುವುದು ಆಮೇಲಾಗಲಿ. ಬೇಡಿಕೆ ಮೂರಕ್ಕಿಂತ ಹೆಚ್ಚು ಬೇಡ. ಅರ್ಜಿಗೆ ಅಳತೆಯ ಪಟ್ಟಿ, ದಿನಾಂಕವಿರುವ ಫೋಟೊ, ಕೈನಕ್ಷೆ ಲಗತ್ತಿಸಿ ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೆಲಸವಾಗದಿದ್ದರೆ ಮುಂದಿನ ಮೆಟ್ಟಿಲು ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರು.

ಹಣದ ಸಮಯ ಗಮನಿಸಿ. ಪುರಸಭೆಯ ಬಜೆಟ್ ಪೂರ್ವಭಾವಿ ಸಭೆಗಳು ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ ನಡೆಯುತ್ತವೆ. ಏಪ್ರಿಲ್‌ನಲ್ಲಿ ಕೊಟ್ಟ ಮೈದಾನದ ಬೇಡಿಕೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಶಾಸಕರ ಮತ್ತು ಸಂಸದರ ಸ್ಥಳೀಯ ಅಭಿವೃದ್ಧಿ ನಿಧಿಯಿಂದಲೂ ಕ್ರೀಡಾ ಸೌಲಭ್ಯ ಕೇಳಬಹುದು, ಆದರೆ ನಿರ್ವಹಣೆ ಯಾರು ಮಾಡುತ್ತಾರೆ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ವಿದ್ಯುತ್ ಬಿಲ್ ಯಾರದೆಂದು ತೀರ್ಮಾನವಾಗದೆ ಹೊನಲು ದೀಪ ಆರಿರುವುದು ಹಲವು ಕಡೆ ಕಾಣುತ್ತದೆ.

ಇತ್ತೀಚೆಗೆ ಹಾಕಿದ ರಸ್ತೆ ಕಿತ್ತುಬಂದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಬಳಸಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ರಸ್ತೆಗೊಂದು, ಮೈದಾನಕ್ಕೊಂದು ಬೇರೆ ಬೇರೆ ಹಾಕಿ. ‘ರಸ್ತೆ ಏಕೆ ಹಾಳಾಯಿತು’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ದಾಖಲೆ ಕೇಳಿ: ಕಾರ್ಯಾದೇಶ, ಅಂದಾಜುಪಟ್ಟಿ, ಅಳತೆ ಪುಸ್ತಕದ (ಮಾಡಿದ ಕೆಲಸದ ಅಳತೆಯನ್ನು ಎಂಜಿನಿಯರ್ ಬರೆದಿಡುವ ಪುಸ್ತಕ) ಸಂಬಂಧಿತ ಪುಟಗಳು, ಗುಣಮಟ್ಟ ಪರೀಕ್ಷೆಯ ವರದಿ, ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ. ಆ ಅವಧಿಯೊಳಗೆ ಎದ್ದ ಗುಂಡಿಯನ್ನು ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ಮುಚ್ಚಬೇಕು. ಕಾಮಗಾರಿ ವೀಕ್ಷಿಸುವ, ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ಇದೇ ಕಾಯ್ದೆಯ ಸೆಕ್ಷನ್ 2(ಜೆ) ಕೊಡುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಅಳತೆ ಪುಸ್ತಕದ ಪ್ರತಿ ಕೈಗೆ ಬಂದ ದಿನ ಅದನ್ನು ಹಿಡಿದು ಮತ್ತೆ ರಸ್ತೆಗೆ ಹೋಗಿ, ಅದೇ ಟೇಪಿನಿಂದ ಅಗಲ ಅಳೆಯಿರಿ, ಪುಸ್ತಕದಲ್ಲಿ 5.5 ಮೀಟರ್ ಎಂದಿದ್ದು ನೆಲದ ಮೇಲೆ 5 ಸಿಕ್ಕರೆ, ಮುಂದಿನ ಅರ್ಜಿಯ ಮೊದಲ ಸಾಲು ಅದೇ.