ಫ್ಲಾಸ್ಕಿನ ಬಿಸಿನೀರಿನಲ್ಲಿ ಸಿಕ್ಕ ನೀರುನಾಯಿ

ಕೊಡಗಿನ ಕಾಫಿ ತೋಟಗಳ ನಡುವಿನ ತೊರೆಯಲ್ಲಿ, ಬಂಡೆಯ ಮೇಲೆ ಬಿದ್ದ ಹಿಕ್ಕೆ ಯಾವ ನೀರುನಾಯಿಯದು ಎಂಬುದನ್ನು ಈಗ ಆ ಬಂಡೆಯ ಪಕ್ಕದಲ್ಲೇ ಕುಳಿತು ಹೇಳುತ್ತೇನೆ. ಒಂದೂವರೆ ಗಂಟೆ ಸಾಕು. ತೊರೆಯ ಬಳಿಯೇ ಹಿಕ್ಕೆಯ ಡಿಎನ್‌ಎ ಪರೀಕ್ಷಿಸುವ ಈ ಯೋಚನೆಯನ್ನು ಮೂರು ವರ್ಷದ ಹಿಂದೆ ಮುಂದಿಟ್ಟಾಗ ಹಿರಿಯರೊಬ್ಬರು, ‘ಫ್ಲಾಸ್ಕಿನಲ್ಲಿ ಕಾಫಿ ಒಯ್ಯಿರಿ, ಹಿಕ್ಕೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ’ ಎಂದಿದ್ದರು. ಕಳುಹಿಸಿಯೂ ನೋಡಿದ್ದೆ. ಮಾದರಿಯೊಂದಕ್ಕೆ ಎರಡೂವರೆ ಸಾವಿರದ ಹತ್ತಿರ ಖರ್ಚು, ಉತ್ತರ ಬರಲು ಎರಡು ತಿಂಗಳು. ಅಷ್ಟರಲ್ಲಿ ಆ ಹಳ್ಳಕ್ಕೆ ಮರಳು ತೆಗೆಯುವವರು ಇಳಿದಾಗಿತ್ತು.

ಇಲ್ಲಿ ಗುರುತಿಸಬೇಕಾದ ನೀರುನಾಯಿಗಳು ಎರಡು ಜಾತಿಯವು, ಸಣ್ಣ ಉಗುರಿನದು ಮತ್ತು ನುಣುಪು ತುಪ್ಪಳದ್ದು. ಹಿಕ್ಕೆಯಲ್ಲಿ ಏಡಿಯ ಚಿಪ್ಪಿದ್ದರೆ ಸಣ್ಣ ಉಗುರಿನದು, ಮೀನಿನ ಹುರುಪೆಯಿದ್ದರೆ ನುಣುಪು ತುಪ್ಪಳದ್ದು ಎಂದು ನಾವೆಲ್ಲ ಲೆಕ್ಕ ಹಾಕುತ್ತೇವೆ. ನಾನೂ ವರ್ಷಗಟ್ಟಲೆ ಹಾಕಿದೆ. ಅದು ನಂಬುವಂಥ ಲೆಕ್ಕವಲ್ಲ.

ಮೊದಲ ವರ್ಷ ಮತ್ತೆ ಮತ್ತೆ ಕಾಯಿಸಿ ತಣಿಸಿ ಡಿಎನ್‌ಎಯನ್ನು ನಕಲು ಮಾಡುವ ಪುಟ್ಟ ಪಿಸಿಆರ್ ಯಂತ್ರವನ್ನು ಎರವಲು ತಂದು, ಅದನ್ನೂ ಬ್ಯಾಟರಿಯನ್ನೂ ಹೊತ್ತು ತಿರುಗಿದೆ. ಜಿಗಣೆಯ ದಾರಿಯಲ್ಲಿ ಹತ್ತು ಹನ್ನೆರಡು ಕಿಲೋ ಹೊರೆ; ಬ್ಯಾಟರಿ ಮೂವತ್ತು ಸುತ್ತು ಮುಗಿಯುವ ಮುನ್ನವೇ ಸಾಯುತ್ತಿತ್ತು. ಆಮೇಲೆ ಒಂದೇ ಶಾಖದಲ್ಲಿ ಡಿಎನ್‌ಎಯನ್ನು ನಕಲು ಮಾಡುವ ಲ್ಯಾಂಪ್ (LAMP) ವಿಧಾನಕ್ಕೆ ಬಂದೆ. 60ರಿಂದ 65 ಡಿಗ್ರಿ ಸಾಕಾದ್ದರಿಂದ ಯಂತ್ರದ ಹಂಗು ತಪ್ಪಿತು. ಆದರೆ ಬೇಕಾದ ಪ್ರಾಣಿಯ ಡಿಎನ್‌ಎಗೆ ಮಾತ್ರ ಅಂಟುವ ಗಿಡ್ಡ ತುಣುಕುಗಳಾದ ಪ್ರೈಮರ್‌ಗಳು ಹಣ ನುಂಗಿದವು. ಸೈಟೋಕ್ರೋಮ್ ಬಿ ಎಂಬ ಜೀನಿಗೆ ಹೊಂದುವಂತೆ ಬರೆಸಿದ ಐದು ಪ್ರೈಮರ್ ಜೋಡಣೆಗಳಲ್ಲಿ ನಾಲ್ಕು ಕಸದ ಬುಟ್ಟಿಗೆ ಹೋದವು. ಅಲ್ಲಿಗೆ ಸುಮಾರು ಮೂವತ್ತು ಸಾವಿರ.

ಉಳಿದ ಒಂದೂ ಹಿಕ್ಕೆಯ ಮುಂದೆ ಸೋತಿತು. ಗುಲಾಬಿಯಿಂದ ಹಳದಿಗೆ ತಿರುಗುವ ಫೀನಾಲ್ ರೆಡ್ ಮಿಶ್ರಣವನ್ನು ಬಳಸುತ್ತಿದ್ದೆ. ಅದು ಆಮ್ಲತೆಯನ್ನು ತೋರಿಸುವ ಬಣ್ಣ. ಹಿಕ್ಕೆಯ ರಸ ಬಿದ್ದ ಕೂಡಲೇ, ಕಾಯಿಸುವ ಮೊದಲೇ, ಕೊಳವೆಗಳು ಹಳದಿಯಾಗುತ್ತಿದ್ದವು. ಹೈಡ್ರಾಕ್ಸಿನ್ಯಾಫ್ಥಾಲ್ ಬ್ಲೂ ಎಂಬ ಇನ್ನೊಂದು ಬಣ್ಣಕ್ಕೆ ಬದಲಾಯಿಸಿದ ಮೇಲೆ ಆ ಕಾಟ ನಿಂತಿತು. ನೇರಳೆ ಇದ್ದರೆ ಹುಡುಕುವ ನೀರುನಾಯಿಯ ಡಿಎನ್‌ಎ ಇಲ್ಲ, ಆಕಾಶನೀಲಿ ಬಂದರೆ ಇದೆ. ಮರದ ನೆರಳಿನಲ್ಲಿ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. ಬಿಳಿ ಎನಾಮಲ್ ತಟ್ಟೆಯಲ್ಲಿಟ್ಟು ಬಿಸಿಲಿಗೆ ಹಿಡಿದರೆ ಅನುಮಾನವೇ ಉಳಿಯುವುದಿಲ್ಲ.

ದೊಡ್ಡ ತಪ್ಪು ಇನ್ನೊಂದಿತ್ತು. ಇಡೀ ಹಿಕ್ಕೆಯನ್ನು ಅರೆಯುತ್ತಿದ್ದೆ. ಅರೆದರೆ ಸಿಗುವುದು ಏಡಿಯ ಡಿಎನ್‌ಎ ಮತ್ತು ನಕಲು ಮಾಡುವ ಕಿಣ್ವವನ್ನು ಕಟ್ಟಿಹಾಕುವ ಪಿತ್ತ. ನಮಗೆ ಬೇಕಾದದ್ದು ಮೇಲ್ಮೈಯ ಲೋಳೆ, ಕರುಳಿನ ಜೀವಕೋಶಗಳು ಅಂಟಿರುವುದು ಅಲ್ಲಿ. ಬೆಳಿಗ್ಗೆ ಎಂಟರೊಳಗೆ, ಬಂಡೆ ಕಾಯುವ ಮುನ್ನ, ಲೋಳೆ ಇನ್ನೂ ಹೊಳೆಯುತ್ತಿರುವಾಗ ಹತ್ತಿಕಡ್ಡಿಯನ್ನು ಒಂದೇ ಸಲ ಉರುಳಿಸಿ ತೆಗೆಯಬೇಕು. ಕಡ್ಡಿಯನ್ನು ಮೊದಲು ಅದ್ದುವ ದ್ರಾವಣವೊಂದಿದೆ. ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಆಮೇಲೆ ಡಿಎನ್‌ಎ ಬಿಡಿಸಲು ಬಳಸುವ ಚೆಲೆಕ್ಸ್ ಎಂಬ ರಾಳದ ಹರಳುಗಳ ಜೊತೆ ಹತ್ತು ನಿಮಿಷ ಕುದಿಸುವುದು. ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ಅಷ್ಟು ಧಾರಾಳವಾಗಿ ಸಾಕು. ಮೇಲೆ ನಿಂತ ತಿಳಿ ದ್ರವವನ್ನು ಹತ್ತು ಪಟ್ಟು ತೆಳುವಾಗಿಸಿ, ಜೊತೆಗೆ ಕಿಣ್ವವನ್ನು ಕಾಯುವ ಬಿಎಸ್‌ಎ ಎಂಬ ಪ್ರೋಟೀನು ಒಂದಿಷ್ಟು.

ಇನ್ನು ಕೊಳವೆಗಳನ್ನು ಬಿಸಿನೀರಿನಲ್ಲಿ ಕಾಯಿಸುವ ಫ್ಲಾಸ್ಕು. ಅಗಲ ಬಾಯಿಯ, ಊಟ ಒಯ್ಯುವ ಮಾದರಿಯದು, ಒಂಬೈನೂರು ರೂಪಾಯಿ. ಥರ್ಮಾಕೋಲಿನ ಬಿಲ್ಲೆಗೆ ಎಂಟು ತೂತು ಕೊರೆದು ಕೊಳವೆಗಳನ್ನು ತೇಲಿಬಿಡುತ್ತೇನೆ. 66 ಡಿಗ್ರಿಯಲ್ಲಿ ಮುಚ್ಚಿದರೆ 45 ನಿಮಿಷದ ನಂತರ 63ರ ಹತ್ತಿರ ಇರುತ್ತದೆ. ಒಂದು ಗಂಟೆ ದಾಟಿಸಬೇಡಿ, ಹೋಲಿಕೆಗೆಂದು ಇಟ್ಟ ಬರೀ ನೀರಿನ ಕೊಳವೆಯೂ ನೀಲಿಯಾಗತೊಡಗುತ್ತದೆ.

ಪರೀಕ್ಷೆ ಮುಗಿದ ಕೊಳವೆಯನ್ನು ಯಾರು ಹೇಳಿದರೂ ತೆರೆಯಬೇಡಿ. ಡಿಎನ್‌ಎ ತುಣುಕುಗಳನ್ನು ಗಾತ್ರದಂತೆ ಬೇರ್ಪಡಿಸಿ ತೋರಿಸುವ ಜೆಲ್‌ನಲ್ಲಿ ಫಲಿತಾಂಶವನ್ನು ಖಚಿತಪಡಿಸಿಕೊಳ್ಳುವ ಆಸೆಗೆ, ತಂಗಿದ್ದ ಕೋಣೆಯಲ್ಲೇ ಒಂದನ್ನು ತೆರೆದೆ. ಒಳಗಿನ ಡಿಎನ್‌ಎ ನಕಲುಗಳು ಕೋಣೆಯೆಲ್ಲ ಹರಡಿ, ಮುಂದಿನ ಮೂರು ವಾರ ಬರೀ ನೀರಿನ ಕೊಳವೆಗೂ ನೀಲಿ ಬಂತು. ಮಿಶ್ರಣ, ಪಿಪೆಟ್ ತುದಿ ಎಲ್ಲ ಎಸೆದು, ಗೋಡೆಗೂ ಬ್ಲೀಚ್ ಬಳಿದೆ. ಹದಿನೆಂಟು ಸಾವಿರ ಹೋಯಿತು.

ನಡುವೆ ತೊರೆಯ ನೀರನ್ನೇ ಸಿರಿಂಜಿನಿಂದ ಸೋಸಿ ಪರೀಕ್ಷಿಸಲು ಹೊರಟೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಕಾಲ. ಕಾಲು ಲೀಟರ್ ಹೋಗುವಷ್ಟರಲ್ಲಿ ಸೋಸುಕ ಕಂದುಗಟ್ಟಿ ಮುಚ್ಚಿತು. ಆ ಪ್ರಯೋಗ ಮಳೆಗಾಲದ ಕೊನೆಗೆ ಮತ್ತೆ. ಟ್ರೆಹಲೋಸ್ ಎಂಬ ಸಕ್ಕರೆ ಬೆರೆಸಿ ಪರೀಕ್ಷೆಯ ಮಿಶ್ರಣವನ್ನು ಒಣಗಿಸುವುದು ಮಾತ್ರ ಅರ್ಧ ಕೈಗೂಡಿದೆ: ಮಂಜುಗಡ್ಡೆಯಿಲ್ಲದೆ ಆರೇಳು ದಿನ ಉಳಿಯುತ್ತದೆ. ಅದರ ಪ್ರಮಾಣ ಕುದುರಿದ ಮೇಲೆ ಬರೆಯುತ್ತೇನೆ.

ಈಗ ಪರೀಕ್ಷೆಯೊಂದಕ್ಕೆ ಇನ್ನೂರೈವತ್ತು ರೂಪಾಯಿ ಆಸುಪಾಸು. ಗುರುತು ಮರೆಮಾಚಿದ ನಲವತ್ತು ಮಾದರಿಗಳನ್ನು, ಡಿಎನ್‌ಎಯ ಅಕ್ಷರಗಳನ್ನೇ ಓದುವ ಸೀಕ್ವೆನ್ಸಿಂಗ್ ಜೊತೆ ಹೋಲಿಸಿದಾಗ ಮೂವತ್ತನಾಲ್ಕೋ ಮೂವತ್ತೈದೋ ಹೊಂದಿಕೊಂಡವು. ಉಳಿದವು ಉತ್ತರ ಕೊಡಲಿಲ್ಲ, ತಪ್ಪು ಉತ್ತರ ಒಂದೂ ಇಲ್ಲ.

ಆ ನಲವತ್ತರಲ್ಲಿ ಒಂದು ಹಿಕ್ಕೆಯ ತುಂಬ ಮೀನಿನ ಹುರುಪೆ, ಏಡಿಯ ಒಂದು ಚೂರೂ ಇರಲಿಲ್ಲ. ಫ್ಲಾಸ್ಕಿನ ಕಾಫಿಯ ಮಾತಾಡಿದ ಹಿರಿಯರು ಅಂದು ಜೊತೆಗಿದ್ದರು. ನೋಡಿದ ಕೂಡಲೇ ನುಣುಪು ತುಪ್ಪಳದ್ದು ಎಂದರು. ಐವತ್ತನೇ ನಿಮಿಷಕ್ಕೆ ತಟ್ಟೆಯನ್ನು ಬಿಸಿಲಿಗೆ ಹಿಡಿದಾಗ ಸಣ್ಣ ಉಗುರಿನದರ ಕೊಳವೆ ಆಕಾಶನೀಲಿಯಾಗಿತ್ತು. ಸೀಕ್ವೆನ್ಸಿಂಗ್ ಅದನ್ನೇ ಹೇಳಿತು. ಕಳೆದ ವಾರ ಅವರು ಫೋನ್ ಮಾಡಿ, ಫ್ಲಾಸ್ಕು ಯಾವ ಅಳತೆಯದು ಎಂದು ಕೇಳಿದರು.