ಪಳೆಯುಳಿಕೆ ಚಿಪ್ಪಿನಿಂದ ಪ್ರಾಚೀನ ಕಡಲನೀರಿನ ಅಂದಾಜು: ಮಾಡುವ ಕ್ರಮ

ಕಡಲಜೀವಿ ಚಿಪ್ಪು ಕಟ್ಟುವಾಗ ನೀರಿನ ಮೆಗ್ನೀಸಿಯಮ್, ಕ್ಯಾಲ್ಸಿಯಮ್ ಎರಡೂ ಅದರಲ್ಲಿ ಸೇರುತ್ತವೆ; ಹಳೆಯ ಚಿಪ್ಪಿನಲ್ಲಿ ಇವುಗಳ ಅನುಪಾತವನ್ನು ಅಳೆದು ಅಂದಿನ ಕಡಲನೀರಿನ ಅನುಪಾತವನ್ನು ಅಂದಾಜಿಸುವುದೇ ನಮ್ಮ ಕೆಲಸ. ಇದಕ್ಕೆ ಬೇಕಾದ ಚಿಪ್ಪು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸಿಗುವುದಿಲ್ಲ. ಬಾಬಾಬುಡನ್‌ಗಿರಿಯ ಕಬ್ಬಿಣದ ಪಟ್ಟೆಕಲ್ಲುಗಳು 250 ಕೋಟಿ ವರ್ಷಗಳಿಗಿಂತ ಹಳೆಯವು; ಚಿಪ್ಪು ಕಟ್ಟುವ ಜೀವಿಗಳು ಕಡಲಿನಲ್ಲಿ ಕಾಣಿಸಿಕೊಂಡು ಸುಮಾರು 55 ಕೋಟಿ ವರ್ಷಗಳಷ್ಟೇ ಆಗಿವೆ. ಆದ್ದರಿಂದ ಇಲ್ಲಿನ ಭೂವಿಜ್ಞಾನ ವಿದ್ಯಾರ್ಥಿಗಳು ತಮಿಳುನಾಡಿನ ಅರಿಯಲೂರಿಗೆ ಹೋಗುವುದೇ ಸರಿ. ಅಲ್ಲಿನ ಕಲ್ಲಂಕುರಿಚ್ಚಿ ಸುಣ್ಣಕಲ್ಲಿನಲ್ಲಿ ಸುಮಾರು 7 ಕೋಟಿ ವರ್ಷ ಹಳೆಯ ಗ್ರಿಫಿಯಾ ಎಂಬ ದಪ್ಪ ಸಿಂಪಿಗಳು ಹೇರಳವಾಗಿವೆ.

ಸಿಂಪಿಯನ್ನೇ ಆರಿಸುವುದಕ್ಕೆ ಕಾರಣ, ಅದರ ಚಿಪ್ಪು ಬಹುಪಾಲು ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಮ್ ಕಾರ್ಬೊನೇಟಿನ ಹೆಚ್ಚು ಸ್ಥಿರವಾದ ಹರಳುರೂಪ, ಆಗಿರುವುದು. ಅಮೋನೈಟ್ (ಅಳಿದುಹೋದ, ಸುರುಳಿ ಚಿಪ್ಪಿನ ಕಡಲಜೀವಿ) ನಂಥವುಗಳ ಚಿಪ್ಪು ಅದೇ ವಸ್ತುವಿನ ಇನ್ನೊಂದು ಹರಳುರೂಪವಾದ ಅರಾಗೊನೈಟ್. ಅದು ನೆಲದಡಿಯ ನೀರಿನಲ್ಲಿ ಕರಗಿ ಕ್ಯಾಲ್ಸೈಟ್ ಆಗಿ ಮರುಹರಳುಗಟ್ಟುವಾಗ ಕಡಲನೀರಿನಿಂದ ಪಡೆದಿದ್ದ ಸ್ಟ್ರಾಂಶಿಯಮ್ ಎಂಬ ಲೋಹದ (ಕೊನೆಯ ತಾಳೆಗೆ ಇದು ಬೇಕು) ಬಹುಭಾಗವನ್ನು ಕಳೆದುಕೊಳ್ಳುತ್ತದೆ.

ಕ್ಯಾಲ್ಸೈಟ್ ಎಂದ ಮಾತ್ರಕ್ಕೆ ನಂಬುವಂತಿಲ್ಲ. ನನ್ನ ಮಟ್ಟಿಗೆ ಅಳತೆಗಿಂತ ಮುಖ್ಯವಾದ ಹಂತ ಇದು. ಚಿಪ್ಪನ್ನು ಬೆಳವಣಿಗೆಯ ಗೆರೆಗಳಿಗೆ ಅಡ್ಡಲಾಗಿ ಕೊಯ್ದು, ನುಣುಪಾಗಿ ಉಜ್ಜಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಳುವಾದ ಎಲೆಪದರಗಳು ಒಂದರ ಮೇಲೊಂದು ಅಚ್ಚುಕಟ್ಟಾಗಿ ಉಳಿದಿವೆಯೇ ಎಂದು ನೋಡಬೇಕು. ಪದರಗಳ ಅಂಚು ಕರಗಿ ದಪ್ಪ ಹರಳುಗಳಾಗಿದ್ದರೆ ಆ ಭಾಗವನ್ನು ಬಿಡಬೇಕು. ಬಳಿಕ ಕ್ಯಾಥೋಡೊಲ್ಯೂಮಿನಸೆನ್ಸ್ ಪರೀಕ್ಷೆ (ಎಲೆಕ್ಟ್ರಾನ್ ಕಿರಣ ಹಾಯಿಸಿ ಚಿಪ್ಪು ಬೆಳಗುವುದನ್ನು ನೋಡುವುದು) ಮಾಡಿದರೆ, ನೆಲದಡಿಯ ನೀರಿನಿಂದ ಮ್ಯಾಂಗನೀಸ್ ಸೇರಿದ ಜಾಗ ಕಿತ್ತಳೆ ಬಣ್ಣದಲ್ಲಿ ಬೆಳಗುತ್ತದೆ. ನೋಡಲು ಚೆಂದ, ನಮ್ಮ ಕೆಲಸಕ್ಕೆ ನಿಷ್ಪ್ರಯೋಜಕ. ಬೆಳಗದಿದ್ದರೂ ಚಿಪ್ಪು ಕೆಟ್ಟಿಲ್ಲವೆನ್ನಲಾಗದು, ಏಕೆಂದರೆ ಕಬ್ಬಿಣ ಆ ಹೊಳಪನ್ನು ಅಡಗಿಸುತ್ತದೆ; ಆದಕಾರಣ ಕಬ್ಬಿಣ, ಮ್ಯಾಂಗನೀಸ್ ಎರಡನ್ನೂ ಅಳೆಯಲೇಬೇಕು.

ಒಳ್ಳೆಯ ಭಾಗದಿಂದ ದಂತವೈದ್ಯರು ಬಳಸುವಂಥ ಸಣ್ಣ ಡ್ರಿಲ್ಲಿನಲ್ಲಿ ನಿಧಾನವಾಗಿ ಪುಡಿ ಕೊರೆದು, ಆಮ್ಲದಲ್ಲಿ ಕರಗಿಸಿ, ಐಸಿಪಿ ಯಂತ್ರದಲ್ಲಿ (ದ್ರಾವಣದ ಮೂಲಧಾತುಗಳನ್ನು ಬಿಸಿ ಪ್ಲಾಸ್ಮಾದಿಂದ ಅಳೆಯುವ ಸಾಧನ) ಮೆಗ್ನೀಸಿಯಮ್ ಮತ್ತು ಕ್ಯಾಲ್ಸಿಯಮ್ಮಿನ ಅನುಪಾತವನ್ನು ಪಡೆಯಬೇಕು. ಕೈ ಪಳಗಿಸಿಕೊಳ್ಳಲು ಹೇಮಾವತಿಯ ದಡದ ಖಾಲಿ ಕಪ್ಪೆಚಿಪ್ಪು ಸಾಕು. ಹೋಲಿಕೆಗೆ ಮಾತ್ರ ಇಂದಿನ ಸಿಂಪಿಯೇ ಆಗಬೇಕು. ಶಿರಾಡಿ ಘಾಟಿ ಇಳಿದು ಕರಾವಳಿಯಿಂದ ತರಬಹುದು. ಅಳಿವೆಯ ಸಿಂಪಿಯಾದರೆ ಮಳೆಗಾಲದ ಹೊಳೆನೀರು ಅಲ್ಲಿನ ಉಪ್ಪನ್ನು ತೆಳುವಾಗಿಸುವುದರಿಂದ, ಅದು ಬೆಳೆದ ನೀರನ್ನೂ ತಿಂಗಳು ತಿಂಗಳು ಪರೀಕ್ಷಿಸಬೇಕು.

ಇಂದಿನ ಕಡಲಿನಲ್ಲಿ ಮೆಗ್ನೀಸಿಯಮ್–ಕ್ಯಾಲ್ಸಿಯಮ್ ಮೋಲ್ ಅನುಪಾತ (ತೂಕದಲ್ಲಲ್ಲ, ಪರಮಾಣುಗಳ ಎಣಿಕೆಯಲ್ಲಿ) ಸುಮಾರು 5.2. ಇಂದಿನ ಸಿಂಪಿಯಲ್ಲಿ ಅದು 0.0104 ಬಂದಿತೆಂದುಕೊಂಡರೆ ಹಂಚಿಕೆಯ ಗುಣಾಂಕ (ಚಿಪ್ಪಿನ ಅನುಪಾತವನ್ನು ನೀರಿನ ಅನುಪಾತದಿಂದ ಭಾಗಿಸಿದ್ದು) 0.002 ಆಗುತ್ತದೆ, ಪಳೆಯುಳಿಕೆಯಲ್ಲಿ 0.004 ಸಿಕ್ಕರೆ ಅಂದಿನ ಕಡಲಿನ ಅನುಪಾತ ಸುಮಾರು 2. ಈ ಗುಣಾಂಕ ಉಷ್ಣತೆಯೊಂದಿಗೂ ಜೀವಿಯ ಪ್ರಭೇದದೊಂದಿಗೂ ಬದಲಾಗುವುದರಿಂದ, ಆಮ್ಲಜನಕದ ಐಸೊಟೋಪುಗಳಿಂದ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಉಷ್ಣತೆಯನ್ನು ಬೇರೆಯಾಗಿ ಅಂದಾಜಿಸಿ, ಉತ್ತರವನ್ನು ಒಂದೇ ಅಂಕಿಯಾಗಿ ಹೇಳದೆ ವ್ಯಾಪ್ತಿಯಾಗಿ ಬರೆಯುವುದು ಪ್ರಾಮಾಣಿಕ ಕ್ರಮ.

ಕೊನೆಯ ತಾಳೆ ಸ್ಟ್ರಾಂಶಿಯಮ್ಮಿನ ಎರಡು ಐಸೊಟೋಪುಗಳಾದ 87 ಮತ್ತು 86ರ ಅನುಪಾತದ್ದು. ಸ್ಟ್ರಾಂಶಿಯಮ್ ಕಡಲಿನಲ್ಲಿ ಲಕ್ಷಾಂತರ ವರ್ಷ ಉಳಿಯುವುದರಿಂದ ಎಲ್ಲ ಸಾಗರಗಳಲ್ಲೂ ಈ ಅನುಪಾತ ಒಂದೇ. ಇಂದು ಅದು ಸುಮಾರು 0.7092, ಆ ಸಿಂಪಿಗಳ ಕಾಲದಲ್ಲಿ ಸುಮಾರು 0.7078. ನಿಮ್ಮ ಪುಡಿಯ ಅಂಕಿ ಇದರಿಂದ ದೂರ ಸರಿದಿದ್ದರೆ, ಮೆಗ್ನೀಸಿಯಮ್ಮಿನ ಲೆಕ್ಕ ಎಷ್ಟೇ ಚೊಕ್ಕವಾಗಿ ಬಂದಿರಲಿ, ಆ ಚಿಪ್ಪನ್ನು ಬದಿಗಿಡಿ.