ಒಂದು ಮುತ್ತಿಗೆ, ನಾಲ್ಕು ಕಾಲಂ

ಪುರಾತನ ಇಸ್ರಾಯೇಲರ ಚರಿತ್ರೆಯನ್ನು ವಿದ್ವಾಂಸರು ಹೇಗೆ ಕಟ್ಟುತ್ತಾರೆ ಅಂತ ತಿಳಿಯಲು ನಾನು ಒಂದೇ ಒಂದು ವರ್ಷ ಹಿಡಿದುಕೊಂಡು ಕೂತೆ. ಕ್ರಿ.ಪೂ. 701. ಆ ವರ್ಷ ಅಶ್ಶೂರದ (ಈಗಿನ ಉತ್ತರ ಇರಾಕಿನ ಕಡೆಯ ಸಾಮ್ರಾಜ್ಯ) ರಾಜ ಸನ್ಹೇರೀಬ, ಜೆರುಸಲೇಮ್ ರಾಜಧಾನಿಯಾಗಿದ್ದ ಇಸ್ರಾಯೇಲರ ನಾಡು ಯೆಹೂದದ ಅರಸ ಹಿಜ್ಕೀಯನ ಮೇಲೆ ದಂಡೆತ್ತಿ ಬಂದ. ಈ ಯುದ್ಧಕ್ಕೆ ಎರಡೂ ಕಡೆಯವರ ಬರಹ ಇದೆ, ಕಲ್ಲಿನ ಚಿತ್ರ ಇದೆ, ಅಗೆದು ನೋಡಿದ ಊರೂ ಇದೆ. ಅಷ್ಟು ಹಳೆಯ ಕಾಲಕ್ಕೆ ಇದು ದೊಡ್ಡ ಭಾಗ್ಯ.

ಮೊದಲು ಎಲ್ಲವನ್ನೂ ಕಲಸಿ ಒಂದೇ ಕಥೆ ಬರೆದೆ. ಓದಲು ಚೆನ್ನಾಗಿತ್ತು. ಆದರೆ ಯಾವ ಮಾತು ಎಲ್ಲಿಂದ ಬಂತು ಅಂತ ನನಗೇ ತಿಳಿಯುತ್ತಿರಲಿಲ್ಲ. ಅದನ್ನು ಬಿಟ್ಟು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದೆ: ಬೈಬಲ್, ಅಶ್ಶೂರದ ಶಾಸನ, ಉಬ್ಬುಚಿತ್ರ, ಉತ್ಖನನ. ಒಂದನ್ನು ತುಂಬುವಾಗ ಉಳಿದವನ್ನು ಮುಚ್ಚಿಡುತ್ತಿದ್ದೆ.

ಶಾಸನ ಇರುವುದು ಆರು ಮುಖದ ಸುಟ್ಟ ಮಣ್ಣಿನ ಕಂಬದ ಮೇಲೆ. ಎತ್ತರ ಒಂದು ಮೊಳವೂ ಇಲ್ಲ. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 46 ಕೋಟೆ ಊರು ಹಿಡಿದೆ, 2,00,150 ಜನರನ್ನು ಹೊರಗೆ ತಂದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ ಜೆರುಸಲೇಮಿನಲ್ಲಿ ಕೂಡಿಹಾಕಿದೆ ಅಂತ ರಾಜ ಹೇಳುತ್ತಾನೆ. ಇಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟೆ. ಕೂಡಿಹಾಕಿದ, ಸರಿ. ಊರು ಹಿಡಿದನಾ? ಆ ಮಾತೇ ಇಲ್ಲ. ನಮ್ಮ ಐಹೊಳೆ ಶಾಸನ ಓದಿದವರಿಗೆ ಈ ಧಾಟಿ ಗೊತ್ತು. ಪುಲಕೇಶಿಯ ಸೇನೆಯ ಧೂಳಿಗೆ ಪಲ್ಲವ ರಾಜ ಕಂಚಿಯ ಗೋಡೆಯ ಹಿಂದೆ ಮರೆಯಾದ ಅಂತ ರವಿಕೀರ್ತಿ ಹಾಡುತ್ತಾನೆ. ಕಂಚಿಯೊಳಗೆ ನುಗ್ಗಿದ ಅನ್ನುವುದಿಲ್ಲ. ಹೊಗಳಿಕೆಯ ಶಾಸನದಲ್ಲಿ ಬಿಟ್ಟ ಮಾತನ್ನೂ ಓದಬೇಕು ಅಲ್ವಾ.

ಬೈಬಲಿನ ಎರಡನೆಯ ಅರಸುಗಳು ಪುಸ್ತಕದಲ್ಲಿ, 18ನೇ ಅಧ್ಯಾಯದಲ್ಲಿ, ಹಿಜ್ಕೀಯ ತನ್ನದೇ ನಾಡಿನ ಕೋಟೆ ಊರು ಲಾಕೀಷಿನಲ್ಲಿದ್ದ ಸನ್ಹೇರೀಬನಿಗೆ ಹೇಳಿಕಳಿಸುತ್ತಾನೆ: ತಪ್ಪಾಯಿತು, ಕೇಳಿದಷ್ಟು ಕೊಡುತ್ತೇನೆ. ಕಪ್ಪ 30 ತಲಾಂತು (ಆ ಕಾಲದ ತೂಕದ ಅಳತೆ) ಬಂಗಾರ, 300 ತಲಾಂತು ಬೆಳ್ಳಿ. ಅದಕ್ಕಾಗಿ ದೇವಾಲಯದ ಬಾಗಿಲಿನ ಬಂಗಾರವನ್ನೇ ಕೀಳಿಸುತ್ತಾನೆ. ಶಾಸನದಲ್ಲೂ ಬಂಗಾರ 30 ತಲಾಂತೇ. ಬೆಳ್ಳಿ ಮಾತ್ರ 800. ಎರಡು ಕಾಲಂ ಪಕ್ಕಪಕ್ಕ ಇಟ್ಟು ಇದನ್ನು ನೋಡಿದಾಗ ಮೈ ಜುಮ್ಮೆಂದಿತು. ಮುಂದಿನ ಅಧ್ಯಾಯದಲ್ಲಿ ದೇವದೂತ ಒಂದೇ ರಾತ್ರಿ 1,85,000 ಸೈನಿಕರನ್ನು ಕೊಲ್ಲುತ್ತಾನೆ. ಅದನ್ನು ಅಳಿಸಲಿಲ್ಲ. ಜೆರುಸಲೇಮ್ ಉಳಿದದ್ದನ್ನು ಆ ಜನ ಹೀಗೆ ಅರ್ಥ ಮಾಡಿಕೊಂಡರು ಅಂತ ಪಕ್ಕದಲ್ಲಿ ಬರೆದೆ.

ಲಾಕೀಷ್ ಹೆಸರು ಮಣ್ಣಿನ ಕಂಬದಲ್ಲಿ ಎಲ್ಲೂ ಇಲ್ಲ. ಆದರೆ ಸನ್ಹೇರೀಬನ ರಾಜಧಾನಿ ನಿನೆವೆಯ ಅರಮನೆಯ ಒಂದು ಕೋಣೆಯ ಗೋಡೆಗಳ ತುಂಬ ಆ ಊರಿನದೇ ಮುತ್ತಿಗೆ. ಮಣ್ಣು ಕಲ್ಲು ಸುರಿದು ಮಾಡಿದ ಏರಿಯ ಮೇಲೆ ಗೋಡೆ ಒಡೆಯುವ ಯಂತ್ರಗಳು ಹತ್ತುತ್ತಿವೆ. ಅಂಥ ಏರಿ ಲಾಕೀಷಿನ ನೈರುತ್ಯ ಮೂಲೆಯಲ್ಲಿ ಅಗೆದಾಗ ನಿಜಕ್ಕೂ ಸಿಕ್ಕಿತು. ಜೊತೆಗೆ ಬಾಣದ ಮೊನೆಗಳು, ಕವಣೆ ಕಲ್ಲುಗಳು.

ಸುಟ್ಟುಹೋದ ಯಾವ ಪದರ ಸನ್ಹೇರೀಬನದು ಅನ್ನುವುದು ಮಾತ್ರ ಸುಲಭಕ್ಕೆ ತೀರ್ಮಾನವಾಗಲಿಲ್ಲ. 1930ರ ದಶಕದಲ್ಲಿ ಅಗೆದ ಸ್ಟಾರ್ಕಿ, ಮೂರನೇ ಪದರ ಸುಟ್ಟದ್ದು ಕ್ರಿ.ಪೂ. 597ರಲ್ಲಿ ಅಂದುಕೊಂಡಿದ್ದರು. ಅದೇ ತಂಡದ ಓಲ್ಗಾ ಟಫ್ನೆಲ್ ಮಡಕೆಗಳನ್ನು ಹೋಲಿಸಿ, ಇಲ್ಲ, 701 ಅಂದರು. ಮೇಲಿನ ಎರಡನೇ ಪದರ ಸುಟ್ಟದ್ದು ಕ್ರಿ.ಪೂ. 587ರ ಸುಮಾರಿಗೆ, ಅದರ ಮಡಕೆಗಳು ತೀರಾ ಬೇರೆ, ಅಷ್ಟು ಬದಲಾಗಲು ಹತ್ತು ವರ್ಷ ಸಾಲದು. ಆಮೇಲೆ ಡೇವಿಡ್ ಉಸಿಷ್ಕಿನ್ ಮತ್ತೆ ಅಗೆದಾಗ ಟಫ್ನೆಲ್ ಮಾತೇ ನಿಂತಿತು. ನನ್ನ ಇಡೀ ಓದಿನಲ್ಲಿ ಜಾಸ್ತಿ ಗೌರವ ಹುಟ್ಟಿಸಿದ್ದು ಆ ಮಡಕೆ ಚೂರುಗಳೇ.

ಆಮೇಲೆ ಮತ್ತೆ ಉಬ್ಬುಚಿತ್ರದ ಕಾಲಂಗೆ ಬಂದೆ. ಅದರಲ್ಲಿ ಒಂದು ಎತ್ತಿನ ಗಾಡಿ ಇದೆ. ಮೂಟೆಗಳ ಮೇಲೆ ಹೆಂಗಸರು, ಮಕ್ಕಳು ಕೂತು ಊರು ಬಿಟ್ಟು ಹೋಗುತ್ತಿದ್ದಾರೆ. 2,00,150 ಅನ್ನುವ ಲೆಕ್ಕವನ್ನು ಅಳಿಸಿ, ಆ ಗಾಡಿಯ ಪಕ್ಕಕ್ಕೆ ಬರೆದೆ.